ನಾಲ್ಕನೇ ಜ್ವರ

ಬೆಳಿಗ್ಗೆ ಎಂಟೂಕಾಲಿಗೆ ರೈಲು ಬಿಡದಿ ದಾಟುತ್ತಿದ್ದಾಗ ಲೋಕೇಶನ ಮೊಬೈಲಿಗೆ ಅಟೆಂಡರ್ ಮರಿಯಪ್ಪನ ಸಂದೇಶ ಬಂತು. "ಸಾ, ಮನೇಲಿ ನಾಕ್ನೇ ಜ್ವರ. ಎಲ್ಲಾ ಒಟ್ಗೇ ಮಲಗ್ಬುಟ್ಟವೆ. ಇವತ್ತು ಬರಕ್ಕಾಗಕಿಲ್ಲ."

ಓದಿದವನಿಗೇ ಮೈ ಬಿಸಿಯಾದಂತಾಯಿತು. ಮರಿಯಪ್ಪನಿಗೆ ಮಕ್ಕಳೆಷ್ಟು, ಅವಕ್ಕೆ ಈ ಮೊದಲು ಮೂರು ಸಲ ಜ್ವರ ಬಂದಿದ್ದು ಯಾವಾಗ, ಒಂದೂ ಅವನಿಗೆ ಗೊತ್ತಿರಲಿಲ್ಲ. ಗ್ರಂಥಾಲಯದ ಬೀರುವಿನ ಬೀಗದ ಕೈ ಮರಿಯಪ್ಪನ ಉಡಿದಾರದಲ್ಲಿದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಆ ಬೀರುವಿನೊಳಗೇ ಅಲ್ಲವೇ ಗ್ರಂಥಾಲಯದ ಐದು ವರ್ಷದ ಯೋಜನೆ ಇರುವುದು? ಹನ್ನೆರಡು ವಿಭಾಗದ ಮುಖ್ಯಸ್ಥರ ಕಾಲು ಹಿಡಿದು ಸಹಿ ಹಾಕಿಸಿದ್ದ ಒಂದೇ ಒಂದು ಪ್ರತಿ.

ಲೋಕೇಶ ರಾಜಾಜಿನಗರದಲ್ಲಿ ಹುಟ್ಟಿ ಬೆಳೆದವನು. ಎರಡು ತಿಂಗಳ ಹಿಂದೆ ವಿಶ್ವವಿದ್ಯಾಲಯದವರು ಅವನನ್ನು ರಾಮನಗರದ ಸ್ನಾತಕೋತ್ತರ ಕೇಂದ್ರದ ಗ್ರಂಥಾಲಯಕ್ಕೆ ಎತ್ತಿ ಹಾಕಿದ್ದರು. ಮಗಳು ಸಿರಿ ಏಳುವ ಮುಂಚೆ ಮನೆ ಬಿಟ್ಟು, ಅವಳು ಮಲಗಿದ ಮೇಲೆ ಮನೆ ಸೇರುತ್ತಿದ್ದ. ಮೊನ್ನೆ ಭಾನುವಾರ ಆ ಮೂರು ವರ್ಷದ ಕೂಸು ಅವನನ್ನು ನೋಡಿ "ಅಮ್ಮಾ, ಅಂಕಲ್ ಬಂದಿದಾರೆ" ಎಂದಿತ್ತು. ಅವತ್ತು ಅವನಿಗೆ ಊಟ ಸೇರಿರಲಿಲ್ಲ.

ಯೋಜನಾ ಸಮಿತಿಯ ಅಧ್ಯಕ್ಷರು ಪ್ರೊಫೆಸರ್ ಬೀರೇಶ್. ಅವರ ಮಾತು ಕಡ್ಡಿ ತುಂಡು ಮಾಡಿದ ಹಾಗೆ. ಯೋಜನೆ ಮಂಜೂರಾದರೆ ಆ ಗಳಿಗೆಯಲ್ಲೇ ಬೆಂಗಳೂರಿಗೆ ವರ್ಗಾವಣೆ ಆದೇಶ ಕೊಡುತ್ತೇನೆ, ರಿಜಿಸ್ಟ್ರಾರ್ ಸಹಿ ಮಾಡಿಸಿ ಬ್ಯಾಗಿನಲ್ಲೇ ತರುತ್ತೇನೆ ಎಂದಿದ್ದರು. ಆ ದಿನ ಹನ್ನೊಂದು ಗಂಟೆಗೆ ಅವರು ಬರುವವರಿದ್ದರು.

ಗ್ರಂಥಾಲಯಕ್ಕೆ ಬಂದವನೇ ಲೋಕೇಶ ಕಂಪ್ಯೂಟರ್ ಆಪರೇಟರ್ ಓವೈಸ್‌ಗೆ ಸಂದೇಶ ತೋರಿಸಿದ. ಓವೈಸ್ ರಾಮನಗರದವನೇ, ಅವನ ಮನೆಯವರೆಲ್ಲ ರೇಷ್ಮೆ ನೂಲು ಬಿಚ್ಚುವವರು. ಅವನು ಸಂದೇಶವನ್ನು ಓದಿ, ಲೋಕೇಶನ ಮುಖವನ್ನೂ ಓದಿ, ತುಟಿ ಕಚ್ಚಿಕೊಂಡ.

"ನಾಲ್ಕನೇದು ಅಂದ್ರೆ ಕೊನೇದು ಸಾರ್. ಇದಾದ್ಮೇಲೆ ಒಂದು ವಾರ ಬರೀ ತಿಂತವೆ. ಆಮೇಲೆ ಬಾಯಿ ಕಟ್ಟುತ್ತೆ."

ಲೋಕೇಶ ಕೂಡಲೇ ಮರಿಯಪ್ಪನಿಗೆ ಫೋನು ಮಾಡಿ, ಈಗ ಹೇಗಿದ್ದಾವೆ ಎಂದು ಕೇಳಿದ. ತಲೆ ಎತ್ತಿಕೊಂಡು ಹಾಗೇ ಮಲಗಿವೆ, ಸೊಪ್ಪು ಮುಟ್ಟಿಲ್ಲ ಎಂದ ಮರಿಯಪ್ಪ. ಎಷ್ಟಿದೆ ಎಂದು ಕೇಳಿದ ಲೋಕೇಶ, ಜ್ವರ ನೂರಾ ಎರಡೋ ಮೂರೋ ಎಂದುಕೊಂಡು.

"ಇನ್ನೂರು ಮೊಟ್ಟೆ ಸಾ," ಎಂದ ಮರಿಯಪ್ಪ ಹೆಮ್ಮೆಯಿಂದ.

ಜ್ವರದಲ್ಲಿ ಮೊಟ್ಟೆ ಕೊಡಬಾರದು ಕಣಪ್ಪ ಎನ್ನುವಷ್ಟರಲ್ಲಿ ಲೈನು ಕಟ್ಟಾಯಿತು. ಈ ಮಾತು ಕಚೇರಿ ಸೂಪರಿಂಟೆಂಡೆಂಟ್ ಮಮತಾ ಮೇಡಂ ಕಿವಿಗೆ ಬಿತ್ತು. ಮೇಡಂ ಸಹ ಬೆಂಗಳೂರಿನಿಂದಲೇ ಓಡಾಡುವವರು, ಊರಿನವರ ಕಷ್ಟಕ್ಕೆ ಕರೆಯದೆ ಹೋಗುವವರು. ಹತ್ತು ಗಂಟೆಯೊಳಗೆ ಗ್ರಂಥಾಲಯದ ಬಾಗಿಲಿಗೆ 'ಜ್ವರದ ನಿಮಿತ್ತ ಮುಚ್ಚಲಾಗಿದೆ' ಎಂಬ ಚೀಟಿ ಅಂಟಿತು. ವರ್ಷಪೂರ್ತಿ ಆ ಬಾಗಿಲನ್ನೇ ನೋಡದಿದ್ದ ಹುಡುಗರು ಬಂದು ಚೀಟಿಯ ಫೋಟೋ ತೆಗೆದುಕೊಂಡು, ಖುಷಿಯಿಂದ ಬಸ್ ಸ್ಟ್ಯಾಂಡಿಗೆ ನಡೆದರು. ಓವೈಸ್ ಕೂಡ ತನ್ನ ಕಂಪ್ಯೂಟರ್ ಆರಿಸಿದ. ಅವನು ಬಾಯಿ ಬಿಡದೆ ಕೂತಿದ್ದುದು ಈ ರಜೆಗೇ.

ಅಷ್ಟರಲ್ಲಿ ಬೀರೇಶ್ ಅವರ ಫೋನು ಬಂತು. ಲೋಕೇಶ ತೊದಲುತ್ತಾ ಬೀಗದ ಕೈ, ಅಟೆಂಡರ್‌ನ ಊರು ಕೂಟಗಲ್, ಅವನ ಮನೆಯ ನಾಲ್ಕನೇ ಜ್ವರ, ಎಲ್ಲ ಹೇಳಿದ.

"ನಾಲ್ಕನೇ ಜ್ವರಾನಾ? ಹಾಗಾದ್ರೆ ನಾನೇ ಅಲ್ಲಿಗೆ ಬರ್ತೀನಿ, ವಿಳಾಸ ಕಳಿಸಿ."

ಎಂಥಾ ದೊಡ್ಡ ಮನಸ್ಸು, ಸೋಂಕಿಗೂ ಹೆದರದ ಜೀವ ಎಂದು ಲೋಕೇಶನ ಕಣ್ಣು ತುಂಬಿತು. ಅವರಿಗಿಂತ ಮುಂಚೆ ಹೋಗಿ ಬೀಗದ ಕೈ ಹಿಡಿದು ನಿಲ್ಲಬೇಕೆಂದು ಹೊರಟ. ಮಮತಾ ಮೇಡಂ ಅವನಿಗೆ ಎರಡು ಮಾಸ್ಕು ಕಟ್ಟಿ, ಡೆಂಗಿ ಇದ್ದರೂ ಇರಬಹುದೆಂದು ಕೈ ಕಾಲು ಕುತ್ತಿಗೆಗೆಲ್ಲ ಸೊಳ್ಳೆ ಮುಲಾಮು ಬಳಿಸಿ, ಒಂದು ಪೌಂಡು ಬ್ರೆಡ್ಡು ಕೈಗಿತ್ತು ಕಳಿಸಿದರು. ಓವೈಸ್ ತನ್ನ ಬೈಕಿನಲ್ಲಿ ಕೂರಿಸಿಕೊಂಡು ಹೋದವನು, ಮರಿಯಪ್ಪನ ಮನೆಗೆ ಮೂವತ್ತು ಮಾರು ದೂರದ ಹೊಂಗೆ ಮರದ ಕೆಳಗೇ ನಿಂತುಬಿಟ್ಟ. ತಾನು ಅತ್ತರು ಹಾಕಿಕೊಂಡಿದ್ದೇನೆ, ಒಳಗೆ ಬರಬಾರದು ಎಂದ. ಅತ್ತರಿಗೂ ಜ್ವರಕ್ಕೂ ಏನು ಸಂಬಂಧವೆಂದು ಲೋಕೇಶನಿಗೆ ತಿಳಿಯಲಿಲ್ಲ.

ಬಾಗಿಲಲ್ಲೇ ಮರಿಯಪ್ಪನ ಹೆಂಡತಿ ಕೆಂಚಮ್ಮ ಅಡ್ಡ ನಿಂತಳು. ಮೂಗರಳಿಸಿ ಎರಡು ಸಲ ಮೂಸಿದಳು.

"ಅದೇನ್ ಬಳ್ಕಂಡ್ ಬಂದಿದ್ದೀರಾ ಸಾಮಿ? ಒಸಿ ಗಾಳಿ ಒಳಕ್ಕೋದ್ರೂ ಒಂದೂ ಉಳಿಯಕಿಲ್ಲ. ಮೊದ್ಲು ಮೈ ತೊಳ್ಕಳಿ."

ತಬ್ಬಿಬ್ಬಾದ ಗ್ರಂಥಪಾಲಕ ಹಿತ್ತಲಿನ ಬಚ್ಚಲಲ್ಲಿ ಹಾಡುಹಗಲಲ್ಲಿ ತಣ್ಣೀರು ಹುಯ್ದುಕೊಂಡ. ಮುಲಾಮು ಮೆತ್ತಿದ ಬಟ್ಟೆಯನ್ನು ಕೆಂಚಮ್ಮ ಕಡ್ಡಿಯಲ್ಲಿ ಎತ್ತಿ ಬೇಲಿಯಾಚೆ ಹಾಕಿದಳು. ಮರಿಯಪ್ಪನ ಲುಂಗಿ, ಬನೀನು ತೊಟ್ಟು, ಒದ್ದೆ ತಲೆಯಲ್ಲಿ, ಬ್ರೆಡ್ಡು ಹಿಡಿದು ಅವನು ಒಳಗೆ ಕಾಲಿಟ್ಟ. ಮಂಚವಿರಲಿಲ್ಲ, ಮಕ್ಕಳಿರಲಿಲ್ಲ. ಅಟ್ಟಣಿಗೆಯ ತುಂಬಾ ಬಿದಿರಿನ ತಟ್ಟೆ, ತಟ್ಟೆ ತುಂಬಾ ರೇಷ್ಮೆ ಹುಳ. ಒಂದೂ ಮಿಸುಕದೆ ತಲೆಯೆತ್ತಿ ಮಲಗಿದ್ದವು.

ರೇಷ್ಮೆ ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಆಗೆಲ್ಲ ಸೊಪ್ಪು ತಿನ್ನದೆ ನಿದ್ದೆ ಹೋಗುತ್ತದೆ. ಈ ಸೀಮೆಯ ಎಳೆ ಮಗುವಿಗೂ ಗೊತ್ತು, ಆ ನಿದ್ದೆಯ ಹೆಸರು ಜ್ವರ. ನಾಲ್ಕನೇದು ಕಳೆದ ಮೇಲೆ ವಾರವೆಲ್ಲ ತಿಂದು ಹಣ್ಣಾದ ಹುಳ ಬಾಯಿ ಕಟ್ಟಿ ಗೂಡು ನೇಯುತ್ತದೆ. ಇನ್ನೂರು ಮೊಟ್ಟೆ ಎಂದರೆ ಎಷ್ಟು ಹುಳ ಸಾಕಿದ್ದಾರೆ ಎಂಬ ಲೆಕ್ಕ. ಮರಿಯಪ್ಪ ಇದನ್ನೆಲ್ಲ ಪಿಸುದನಿಯಲ್ಲಿ ವಿವರಿಸುತ್ತಿದ್ದರೆ ಲೋಕೇಶನ ಕಣ್ಣು ಎದುರಿನ ತಟ್ಟೆಯಲ್ಲೇ ನೆಟ್ಟಿತು. ಹುಳಗಳ ಕೆಳಗೆ ಹಾಸಿದ್ದ ಹಾಳೆಯಲ್ಲಿ 'ಅಧ್ಯಾಯ ಎರಡು: ಓದುಗರ ಹೆಚ್ಚಳ' ಎಂದಿತ್ತು. ಅದರ ಪಕ್ಕದ ತಟ್ಟೆಯಲ್ಲಿ ಇತಿಹಾಸ ವಿಭಾಗದ ಮುಖ್ಯಸ್ಥರ ಸಹಿಯ ಮೇಲೆ ಏಳೆಂಟು ಹುಳ ಮಲಗಿದ್ದವು.

ಯೋಜನೆಯನ್ನು ಅವನು ಬೀರುವಿನಲ್ಲಿ ಇಟ್ಟೇ ಇರಲಿಲ್ಲ, ಮೇಜಿನ ಮೇಲೇ ಬಿಟ್ಟಿದ್ದ. ಮೇಜಿನ ಮೇಲಿರೋ ಹಳೇ ಪೇಪರೆಲ್ಲ ತಗೊಂಡು ಹೋಗಪ್ಪ ಎಂದು ಶನಿವಾರ ಲೋಕೇಶನೇ ಹೇಳಿದ್ದ. ಮರಿಯಪ್ಪ ಒಂದೂ ಬಿಡದೆ ತಂದಿದ್ದ. ಲೋಕೇಶ ಹಾಳೆಯ ತುದಿಗೆ ಕೈ ಹಾಕಿದ್ದೇ ತಡ, ಕೆಂಚಮ್ಮ ಅವನ ಮಣಿಕಟ್ಟು ಹಿಡಿದಳು. ಜ್ವರದಲ್ಲಿರುವುದನ್ನು ಮುಟ್ಟಿದರೆ ಬೆಳೆ ಹಾಳು, ನಾಳೆ ಬೆಳಿಗ್ಗೆ ಎದ್ದ ಮೇಲೆ ಹಾಳೆ ತಗೊಳ್ಳಿ ಎಂದಳು.

ಆಗಲೇ ಕಾರು ಬಂತು. ಬೀರೇಶ್ ಮಾಗಡಿ ಕಡೆಯ ರೈತರ ಮಗ ಎಂಬುದು ಲೋಕೇಶನಿಗೆ ಗೊತ್ತಾಗಿದ್ದು ಆಗಲೇ. ಯಾರೂ ಹೇಳದೆ ಅವರು ಬೂಟು ಬಿಟ್ಟು, ಕೈಕಾಲು ತೊಳೆದು ಒಳಗೆ ಬಂದರು. ತಟ್ಟೆಯಿಂದ ತಟ್ಟೆಗೆ ಬಾಗಿ ನೋಡಿದರು. ಮೂವತ್ತು ವರ್ಷವಾಗಿತ್ತಂತೆ ಅವರು ಹುಳುಮನೆ ಕಂಡು. ತಮ್ಮ ತಾಯಿ ಜ್ವರದ ದಿನ ಮನೆಯಲ್ಲಿ ಒಗ್ಗರಣೆ ಸಹ ಹಾಕುತ್ತಿರಲಿಲ್ಲವೆಂದು ನೆನೆದರು. ಲೋಕೇಶ ಹುಳಗಳ ಅಡಿ ತೋರಿಸಿ, ಸಾರ್, ಯೋಜನೆ ಅದೇ ಎಂದ.

ಎಬ್ಬಿಸಬೇಡಿ ಎಂದರು ಬೀರೇಶ್. ಡೈರಿ ತೆಗೆದು, ಯೋಜನೆ ಪರಿಶೀಲಿಸಿ ಮಂಜೂರು ಮಾಡಿದೆ ಎಂದು ಬರೆದು ಸಹಿ ಹಾಕಿಯೇಬಿಟ್ಟರು. ಲೋಕೇಶನಿಗೆ ಸಂತೋಷ ತಡೆಯಲಾಗಲಿಲ್ಲ. ನಾಳೆಯಿಂದ ಸಿರಿಗೆ ತಾನೇ ತಿಂಡಿ ತಿನ್ನಿಸಬಹುದು. ಬೀರೇಶ್ ಬ್ಯಾಗಿನಿಂದ ಸೀಲು ಬಿದ್ದ ಆದೇಶ ತೆಗೆದರು. ಲೋಕೇಶನನ್ನು ಲುಂಗಿಯಿಂದ ಒದ್ದೆ ತಲೆಯವರೆಗೆ ನೋಡಿದರು.

"ಆರು ಕೇಂದ್ರ ಸುತ್ತಿ ಬಂದೆ ಲೋಕೇಶ್. ಅಟೆಂಡರ್ ಮನೆ ಎಲ್ಲಿದೆ ಅಂತ ಗೊತ್ತಿರೋ ಗ್ರಂಥಪಾಲಕ ಒಬ್ಬನೂ ಸಿಗಲಿಲ್ಲ. ನೀವು ನೋಡಿದ್ರೆ ಸ್ನಾನ ಮಾಡಿ, ಲುಂಗಿ ಉಟ್ಟು, ಹುಳುಮನೇಲಿ ನಿಂತಿದ್ದೀರಿ. ಇಂಥವರನ್ನ ಈ ಊರಿಂದ ಕಿತ್ತರೆ ಪಾಪ ಸುತ್ತಿಕೊಳ್ಳುತ್ತೆ. ಐದು ವರ್ಷದ ಯೋಜನೆ, ಐದು ವರ್ಷಾನೂ ನೀವೇ ನಡೆಸಿ."

ಲೋಕೇಶ ಆದೇಶದ ಕಡೆ ಕೈ ಚಾಚಿದ. ನಾಳೆ ಎದ್ದ ಹುಳವನ್ನು ಅಗಲಕ್ಕೆ ಹರಡುವುದಕ್ಕೆ ಖಾಲಿ ತಟ್ಟೆ ಸಜ್ಜು ಮಾಡುತ್ತಿದ್ದ ಕೆಂಚಮ್ಮ, ಒಂದು ಹಾಳೆ ಕಮ್ಮಿ ಬಿತ್ತಲ್ಲ ಎಂದು ಗೊಣಗಿದಳು. ಬೀರೇಶ್ ಕೈಯಲ್ಲಿದ್ದ ಆದೇಶವನ್ನು ತಟ್ಟೆಯ ಮೇಲೆ ಹಾಸಿ, ಅಂಗೈಯಿಂದ ಸುಕ್ಕು ಬಿಡಿಸಿದರು.

ಮರಿಯಪ್ಪ ಅದರ ಅಂಚನ್ನು ಬೆರಳಲ್ಲಿ ತೀಡಿ ನೋಡಿದ. "ಗಟ್ಟಿ ಹಾಳೆ ಕಣ್ ಸಾ, ಬೆಂಗ್ಳೂರ್ದು. ಹುಳ ಹಣ್ಣಾಗೋಗಂಟ ತಡೀತದೆ."