ಹಸಿರುಮನೆಯಾದ ನಮ್ಮ ಕಾರು

ಮಕ್ಕಳಿಗೆ ಪರಿಸರದ ಪಾಠ ಹೇಳುವುದು ಏನು ಮಹಾ! ದೋಸೆ ಹುಯ್ದಷ್ಟೇ ಸುಲಭ ಎಂದುಕೊಂಡಿದ್ದೆ.

ವಿದೇಶದಲ್ಲಿರುವ ಕ್ರಾಸ್‌ರೋಡ್ಸ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಕನ್ನಡ ತರಗತಿ ನಡೆಯುತ್ತದೆ. ಹೋದ ವಾರ ಎದುರುಮನೆಯ ಶುಭಾ ಕುಕ್ಕರಿನ ಹಬೆ ತೋರಿಸಿ ಆವಿ, ಮೋಡ, ಮಳೆ ಎಲ್ಲವನ್ನೂ ವಿವರಿಸಿದ್ದಳು. ಅಂದಿನಿಂದ ನನ್ನ ಮಗಳು ಅನನ್ಯಳದು ಒಂದೇ ಜಪ.

"ಅಮ್ಮಾ, ಶುಭಾ ಆಂಟಿ ಈಸ್ ಸೋ ಸ್ಮಾರ್ಟ್!"

ಹೊತ್ತು ಹೆತ್ತವಳು ನಾನು, ಸ್ಮಾರ್ಟ್ ಅವಳು! ಹೊಟ್ಟೆ ಧಗಧಗ ಉರಿಯಿತು. ಈ ವಾರ 'ಹಸಿರುಮನೆ ಪರಿಣಾಮ'ದ ಪಾಠ ನನ್ನದೇ ಎಂದು ಘೋಷಿಸಿಬಿಟ್ಟೆ.

ಗಾಜಿನ ಮನೆಯೊಳಗೆ ಬಿಸಿಲು ಬರುತ್ತದೆ, ಶಾಖ ಸುಲಭವಾಗಿ ಹೊರಹೋಗುವುದಿಲ್ಲ. ಭೂಮಿಯ ಸುತ್ತಲಿನ ಕೆಲವು ಅನಿಲಗಳೂ ಹೀಗೆಯೇ ಶಾಖವನ್ನು ಹಿಡಿದಿಡುತ್ತವೆ. ಇದನ್ನು ಕಣ್ಣೆದುರೇ ತೋರಿಸಲು ಬೆಳಿಗ್ಗೆಯೇ ಒಂದು ಪಾತ್ರೆ ದೋಸೆಹಿಟ್ಟನ್ನು ಮರದ ನೆರಳಿನಲ್ಲಿಟ್ಟೆ. ಇನ್ನೊಂದನ್ನು ಬಿಸಿಲಲ್ಲಿ ನಿಂತಿದ್ದ ಕಾರಿನ ಸೀಟಿನ ಮೇಲಿಟ್ಟು ಕಿಟಕಿ ಮುಚ್ಚಿದೆ.

"ಕಂಠಪೂರ್ತಿ ತುಂಬ್ಸಿದೀಯಲ್ಲೇ, ಸ್ವಲ್ಪ ತೆಗಿ," ಎಂದರು ಯಜಮಾನರು.

"ಈ ಊರ ಚಳಿಗೆ ನಮ್ಮನೆ ಹಿಟ್ಟು ಯಾವತ್ತಾದ್ರೂ ಉಬ್ಬಿದ್ಯಾ? ರಾತ್ರಿಯೆಲ್ಲಾ ಓವನ್ ಲೈಟ್ ಹಾಕಿಟ್ರೂ ಏಳಲ್ಲ. ನೀವು ಸುಮ್ನಿರಿ!"

ಅಂದು ಬಿಸಿಲೋ ಬಿಸಿಲು! ಮಧ್ಯಾಹ್ನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, ರಾಜಗಾಂಭೀರ್ಯದಿಂದ ಕಾರಿನ ಬಾಗಿಲು ತೆರೆದೆ.

ಹಿಟ್ಟು ಪಾತ್ರೆಯಲ್ಲಿರಲಿಲ್ಲ. ಸೀಟಿನಲ್ಲಿತ್ತು, ಗೇರಿನಲ್ಲಿತ್ತು, ಸೀಟ್‌ಬೆಲ್ಟಿನ ತೂತಿನೊಳಗೂ ಇತ್ತು! ಮಕ್ಕಳು ಮೂಗು ಮುಚ್ಚಿಕೊಂಡರು. ಯಜಮಾನರು ತಲೆಯ ಮೇಲೆ ಕೈಹೊತ್ತು ನಿಂತರು.

ಆಗ ಮುಂದೆ ಬಂದಳು ಮಹಾತಾಯಿ ಶುಭಾ.

"ಎಷ್ಟು ಚೆನ್ನಾಗಿ ಗೊತ್ತಾಗ್ತಿದೆ ನೋಡಿ ಮಕ್ಕಳೇ! ನೆರಳಲ್ಲಿರೋ ಹಿಟ್ಟು ಹಾಗೇ ಇದೆ. ಇಲ್ಲಿ ಶಾಖ ಒಳಗೇ ಸಿಕ್ಕಾಕೊಂಡು ಉಕ್ಕಿಬಿಟ್ಟಿದೆ. ಈ ಗುಳ್ಳೆಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಇದೆ. ಭೂಮಿ ಸುತ್ತ ಶಾಖ ಹಿಡಿದಿಡೋ ಗ್ಯಾಸ್‌ಗಳಲ್ಲಿ ಅದೂ ಒಂದು."

ಮಕ್ಕಳು ಚಪ್ಪಾಳೆ ತಟ್ಟಿದರು. ರುಬ್ಬಿದವಳು ನಾನು, ಚಪ್ಪಾಳೆ ಅವಳಿಗೆ!

ಸಂಜೆ ಸೀಟು ಉಜ್ಜುತ್ತಿದ್ದಾಗ ಅನನ್ಯ ಓಡಿಬಂದಳು. "ಅಮ್ಮಾ, ದಟ್ ವಾಸ್ ದ ಬೆಸ್ಟ್ ಕ್ಲಾಸ್ ಎವರ್!"

ನನ್ನ ಎದೆಯೂ ಹಿಟ್ಟಿನಂತೆ ಉಬ್ಬಿತು. ಕೊನೆಗೂ ಗೆದ್ದೆ!

"ನೆಕ್ಸ್ಟ್ ವೀಕ್ ಶುಭಾ ಆಂಟಿ ಕಂಪೋಸ್ಟ್ ಮಾಡೋದು ತೋರಿಸ್ತಾರಂತೆ. ಶಿ ಸೆಡ್ ಯೂ ಕ್ಯಾನ್ ಹೆಲ್ಪ್. ಯೂ ಬ್ರಿಂಗ್ ದ ಗಾರ್ಬೇಜ್."

"ಬೇರೆ ಕಸ ಯಾಕೆ ಹುಡುಕ್ತೀಯ?" ಎಂದರು ಯಜಮಾನರು, ಹುಳಿವಾಸನೆಗೆ ಮೂಗು ಹಿಡಿದು. "ಕಾರೇ ತಗೊಂಡು ಹೋಗು!"