ಆಕಾಶದಿಂದ ಕಂಡ ಮಾವನ ಹೊಲ

ರಾಯಚೂರಿನಲ್ಲಿ ಬಿಸಿಲು ಎಲ್ಲಿ ಬೀಳುತ್ತದೆ ಎಂದು ಹುಡುಕುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಹೇಳಿದರೆ ಯಾರೂ ನಂಬುವುದಿಲ್ಲ. ಪಕ್ಕದ ಮನೆಯ ಕಾಕಾ ಅಂತೂ, "ಅದಕ್ಕ ಕಂಪ್ಯೂಟರ್ ಯಾಕ್ರೀ? ಚಪ್ಪಲಿ ಬಿಟ್ಟು ಮಾಳಗಿ ಮ್ಯಾಲ ಹತ್ರಿ, ಗೊತ್ತಾಗ್ತದ" ಎಂದು ನಕ್ಕರು. ಅವರಿಗೇನು ಗೊತ್ತು ನನ್ನ ವಿದ್ಯೆ! ಸೋಲಾರ್ ಫಲಕ ಹಾಕಲು ಬಿಸಿಲೊಂದೇ ಸಾಲದು. ನೆಲ ಸಮತಟ್ಟಾಗಿರಬೇಕು, ಕರೆಂಟಿನ ಲೈನು ಹತ್ತಿರವಿರಬೇಕು, ಬೆಳೆ ಇರಬಾರದು. ಉಪಗ್ರಹದ ಚಿತ್ರದ ಮೇಲೆ ಇವನ್ನೆಲ್ಲ ಒಂದೊಂದಾಗಿ ಹೊದಿಸಿ, ಯೋಗ್ಯವಾದ ಜಾಗಕ್ಕೆ ಕೆಂಪು ಬಳಿಯುವವನು ನಾನು.

ನನ್ನ ಹೆಸರಿನಲ್ಲಿ ಹೋಗಬೇಕಿದ್ದ ಮೊದಲ ವರದಿ ದೇವದುರ್ಗ ತಾಲ್ಲೂಕಿನದು. ಅದು ಒಪ್ಪಿಗೆಯಾದರೆ ಬಡ್ತಿ, ನಕ್ಷೆ ವಿಭಾಗದ ಹೊಣೆ ನನಗೇ ಎಂದು ನಮ್ಮ ಕಚೇರಿಯ ಮೇಡಂ ಹೇಳಿಬಿಟ್ಟಿದ್ದರು. ಕೆಂಪು ಬಿದ್ದದ್ದು ನನ್ನ ಅತ್ತೆಮನೆಯ ಊರಿನಲ್ಲೇ, ಒಂದು ಬೋಳು ನೆಲದ ಮೇಲೆ. 'ಬೀಳು ಭೂಮಿ, ಉಪಯೋಗವಿಲ್ಲ' ಎಂದು ದಪ್ಪಕ್ಷರದಲ್ಲಿ ಬರೆದೆ. ಜನವರಿಯಲ್ಲಿ ಸ್ಥಳ ನೋಡಲು ಮೇಡಂ ಜೊತೆ ಜೀಪು ಹತ್ತಿದೆ. ಒಳಗೊಳಗೇ ಖುಷಿ, ಮಧ್ಯಾಹ್ನದ ಊಟದ ಚಿಂತೆ ಇಲ್ಲವಲ್ಲ ಎಂದು.

ಮೊಬೈಲು ತೋರಿಸಿದ ಜಾಗದಲ್ಲಿ ಇಳಿದರೆ ಆಳೆತ್ತರದ ಬಿಳಿಜೋಳ! ತೆನೆಗಳ ನಡುವಿನಿಂದ ಒಂದು ರುಮಾಲು ಹೊರಬಂತು. ರುಮಾಲಿನ ಕೆಳಗೆ ನಮ್ಮ ಮಾವ.

"ಯಪ್ಪಾ! ಅಳಿಯಂದ್ರು ಹೊಲಕ್ಕ ಬಂದ್ರು! ಮದಿವಿ ಆಗಿ ಆರು ವರ್ಷದಾಗ ಇದೇ ಮೊದಲ ಸಲ, ನೋಡ್ರಿ ಯವ್ವಾ" ಎಂದು ಮೇಡಂಗೆ ಸಾರಿದರು.

ಭೂಮಿ ಬಾಯ್ಬಿಡಬಾರದೇ ಎನಿಸಿತು. ಹಬ್ಬಹಬ್ಬಕ್ಕೂ ಹೋಗಿ ಈ ಹೊಲದ ರೊಟ್ಟಿ ತಿಂದು ಮಲಗಿ ಬಂದಿದ್ದೇನೆಯೇ ಹೊರತು, ಹೊಲ ಎಲ್ಲಿದೆ ಎಂದು ಒಮ್ಮೆಯೂ ಕೇಳಿದವನಲ್ಲ. ಮೇಡಂ ಮಾನ್ವಿ ಕಡೆಯ ಒಕ್ಕಲು ಮನೆತನದವರು. "ಯಾವ ತಿಂಗಳಿನ ಚಿತ್ರ ನೋಡೀರಿ?" ಎಂದರು. "ಆಗಸ್ಟ್" ಎಂದೆ.

"ಆಗ ಈ ಕರಿ ಎರಿ ಹೊಲ ಬೋಳು ಇರದ ಇನ್ನೇನ್ರೀ? ಮಳಿ ಕುಡಿಸಿ, ಬಿತ್ತೋದು ಹಿಂಗಾರಿಗೆ ಅಲ್ಲೇನು!"

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲೇ ಬೆಂಕಿ ಹಾಕಿ ಎಳೆ ತೆನೆ ಸುಟ್ಟು, ಬಿಸಿಬಿಸಿ ಸೀತನಿ ಕಾಳು ಉದುರಿಸಿ ಕೊಟ್ಟರು. ಆಹಾ, ಅವಮಾನವೂ ಇಷ್ಟು ರುಚಿಯಾಗಿರುತ್ತದೆಂದು ಗೊತ್ತಿರಲಿಲ್ಲ. ತಿನ್ನುತ್ತಿರುವಾಗ ಅವರು ಹಿಂದಿನ ದಿಬ್ಬ ತೋರಿಸಿದರು: "ಸರಕಾರದ್ದು ಅದ, ಅದನ್ನ ತಗೋರಿ. ಮಳಿಗಾಲದಾಗ ನಾಕು ದಿನ ಹುಲ್ಲು, ಆಮ್ಯಾಲ ಬರೇ ಕಲ್ಲು. ನೆತ್ತಿ ಮ್ಯಾಲ ಸಪಾಟ ಅದ." ನನ್ನ ನಕ್ಷೆಯಲ್ಲಿ ಅದು ಹಚ್ಚಹಸಿರು, 'ಫಲವತ್ತಾದ ಬೆಳೆ'. ಮೇಡಂ ಹತ್ತಿ ನೋಡಿ, ಇದೇ ಸರಿ ಎಂದರು.

ವರದಿ ತಿದ್ದಿದೆ. ಕೊನೆಗೆ 'ಮಾಹಿತಿಯ ಮೂಲ' ಎಂಬಲ್ಲಿ ನಾನು ಬರೆದಿದ್ದ ಉಪಗ್ರಹವನ್ನು ಹೊಡೆದುಹಾಕಿ, ಮೇಡಂ ನಮ್ಮ ಮಾವನ ಹೆಸರು ಬರೆದು ಸಹಿ ಹಾಕಿದರು. ನಕ್ಷೆ ವಿಭಾಗವೂ ನನಗೇ ಸಿಕ್ಕಿತು, ಒಂದು ಷರತ್ತಿನ ಮೇಲೆ: ಆ ತಾಲ್ಲೂಕಿನ ಪ್ರತಿ ನಕ್ಷೆಯನ್ನೂ ಮೊದಲು ಮಾವನಿಗೆ ತೋರಿಸಿ ಬರಬೇಕು. ಮನೆಗೆ ಪೇಡೆ ಒಯ್ದು ಎಲ್ಲವನ್ನೂ ಹೆಂಡತಿಗೆ ಹೇಳಿದೆ. ಅವಳು ಒಂದನ್ನು ಬಾಯಿಗೆ ಹಾಕಿಕೊಂಡು ಕೇಳಿದಳು: "ಹಂಗಾರ ಬಡ್ತಿ ಆಗಿದ್ದು ನಮ್ಮಪ್ಪಗೇನ್ರೀ?"