ಫ್ರಾನ್ಸಿಗೆ ಹೊರಟ ಜೋಡಿ ಸೈಕಲ್ಲು

ರಜೆ ಎಂದರೆ ಹೊತ್ತುಗೊತ್ತಿಲ್ಲದೆ ಬಿದ್ದುಕೊಂಡಿರಲು ಸಿಕ್ಕ ಪರವಾನಗಿ ಎಂದು ಬಹಳ ಜನ ತಿಳಿದಿದ್ದಾರೆ. ನಾನು ಆ ಪಂಗಡದವನಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ಗಂಟೆ ಹೊಡೆದರೆ ಏಳುತ್ತ, ಗಂಟೆ ಹೊಡೆದರೆ ಉಣ್ಣುತ್ತ ಬೆಳೆದವನು. ಕೆಲಸಕ್ಕೆಂದು ಕಡಲಾಚೆ ಬಂದು ನೆಲೆಸಿದ ಈ ಲಿಸ್ಲ್ ಊರಿನ ಆಫೀಸಿನಿಂದ ನಿವೃತ್ತನಾದ ಮೇಲೂ ಬೆಳಗಾಗುವ ಮುಂಚೆ ನನ್ನೊಳಗೆ ಯಾರೋ ಗಂಟೆ ಬಾರಿಸುತ್ತಾರೆ. ಹೀಗಾಗಿ ಬರುವ ಬೇಸಿಗೆಯಲ್ಲಿ ಫ್ರಾನ್ಸಿನ ಲ್ವಾರ್ ನದಿಯ ದಂಡೆಗುಂಟ ಸೈಕಲ್ ತುಳಿಯುವ ರಜೆಯನ್ನು ನಾನು ಚಳಿಗಾಲದಿಂದಲೇ ಅನುಭವಿಸುತ್ತಿದ್ದೇನೆ. ಯಾವ ಊರಿನಲ್ಲಿ ಕಾಫಿ, ಯಾವ ಸೇತುವೆಯ ಬಳಿ ವಿಶ್ರಾಂತಿ, ಎಲ್ಲಿ ನಿಂತು ನದಿಯನ್ನು ಮೆಚ್ಚಿಕೊಳ್ಳಬೇಕು, ಎಲ್ಲವೂ ನಿಗದಿಯಾಗಿದೆ. ಹೊರಗೆ ಹಿಮ ಬೀಳುತ್ತಿದ್ದಾಗ ಭೂಪಟದ ಮೇಲೆ ಬೆರಳಾಡಿಸುತ್ತಲೇ ಆ ನದಿಯನ್ನು ಅದೆಷ್ಟು ಸಲ ದಾಟಿದೆನೋ!

ನಿಗದಿಯಾಗದೆ ಉಳಿದದ್ದು ಒಂದೇ: ನನ್ನ ಹೆಂಡತಿ ಸರೋಜ ಬರುತ್ತಾಳೋ ಇಲ್ಲವೋ. ಅವಳಿಗೆ ಸೈಕಲ್ ಬರುವುದಿಲ್ಲವೆಂದಲ್ಲ. ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದವಳು. ಮದುವೆಯಾದ ಮೇಲೆ ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂತು ಮೈಸೂರಿನ ಸರಸ್ವತಿಪುರಂ ಸುತ್ತಿದಳು. ಅಲ್ಲಿಗೆ ಅವಳ ಸೈಕಲ್ ಸವಾರಿ ನಿಂತಿತು. "ಈ ವಯಸ್ಸಲ್ಲಿ ನನ್ ಕೈಲಾಗಲ್ಲ. ನೀವ್ ಹೋಗ್ಬನ್ನಿ, ನಾನು ಮಗಳ ಮನೇಲಿರ್ತೀನಿ" ಎಂದಳು. ಆದರೆ ನದಿಯನ್ನು ಒಬ್ಬನೇ ಮೆಚ್ಚಿಕೊಳ್ಳುವುದು ಹೇಗೆ? ಎಷ್ಟು ಚೆನ್ನಾಗಿದೆ ಎಂದು ಹೇಳಲಾದರೂ ಪಕ್ಕದಲ್ಲಿ ಒಬ್ಬರು ಬೇಡವೇ?

ನನ್ನ ಸಪ್ಪೆ ಮುಖ ನೋಡಲಾರದೆ, ಕಾರಿನಲ್ಲಿ ಕೆಲವು ಗಂಟೆ ದೂರದ ಲಿವೋನಿಯಾ ಊರಿನಲ್ಲಿರುವ ಮಗಳು ಮೇಘನಾ ಕಳೆದ ಶನಿವಾರ ಕಾರಿಗೆ ಒಂದು ಜೋಡಿ ಸೈಕಲ್ಲನ್ನು ಕಟ್ಟಿಕೊಂಡು ಬಂದಳು. ಒಂದೇ ಸೈಕಲ್ಲು, ಹಿಂದೆ ಮುಂದೆ ಎರಡು ಸೀಟು, ಎರಡು ಜೊತೆ ಪೆಡಲು. ಒಬ್ಬರು ತುಳಿದರೆ ಇನ್ನೊಬ್ಬರ ಕಾಲೂ ತಾನಾಗಿ ತಿರುಗುತ್ತದೆ. ಬ್ರೇಕು, ಗಂಟೆ ಮಾತ್ರ ಮುಂದಿನವರಿಗೆ.

"ಇದು ಸರಿಹೋದ್ರೆ ಬರ್ತೀನಿ. ಇಲ್ದಿದ್ರೆ ಫ್ರಾನ್ಸ್ ಮಾತು ಮತ್ತೆ ಎತ್ಕೂಡ್ದು" ಎಂದಳು ಸರೋಜ.

ಗಂಟೆ ಇರುವ ಕಡೆ ನಾನು ಕೂತೆ. ಅದು ನನ್ನ ಸ್ವಭಾವ. ನಮ್ಮ ಕಡೆಯ ದಾರಿಗಳೆಲ್ಲ ದೋಸೆಕಲ್ಲಿನಂತೆ ಸಪಾಟು. ಆದರೂ ಅರ್ಧ ಮೈಲಿಗೆ ನಾನು ಬೆವತುಹೋದೆ.

"ಯಾಕೋ ತುಂಬಾ ಭಾರ ಕಣೇ!"

"ಎದುರುಗಾಳಿ ಇರ್ಬೇಕು ಕಣ್ರೀ" ಎಂದಳು. ಮರದ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ತನ್ನ ಸೈಕಲ್ಲಿನಲ್ಲಿ ಹಿಂದೆ ಬರುತ್ತಿದ್ದ ಮೇಘನಾ ಕೂಗಿದಳು: "ಅಪ್ಪಾ! ಅಮ್ಮ ಈಸ್ ನಾಟ್ ಪೆಡಲಿಂಗ್!"

"ಕಾಲು ತಿರುಗ್ತಾ ಇದೆಯಲ್ಲೇ!" ಎಂದಳು ಸರೋಜ.

"ಅಮ್ಮಾ, ದಟ್ಸ್ ಆಲ್ ಅಪ್ಪಾಸ್ ಪೆಡಲಿಂಗ್!"

"ಮತ್ತಿನ್ನೇನು? ಹಿಂದೆ ಕೂತೋರು ಎಲ್ಲಾದ್ರೂ ತುಳೀತಾರಾ? ಸರಸ್ವತಿಪುರಂನಲ್ಲಿ ನಿಮ್ಮಪ್ಪ ಒಂದ್ ದಿನಾನೂ ಕೇಳ್ಲಿಲ್ಲಪ್ಪ!"

ಮಗಳ ತೀರ್ಪಿನಂತೆ ನಾವು ಸೀಟು ಬದಲಾಯಿಸಿದೆವು. ನನಗೆ ಈಗ ಕಾಣುತ್ತಿದ್ದುದು ಸರೋಜಳ ಹೆಲ್ಮೆಟ್ ಮತ್ತು ಅದರ ಕೆಳಗಿನ ಜಡೆ. ಬಾತುಗಳ ಸಂಸಾರವೊಂದು ದಾರಿ ದಾಟುವವರೆಗೂ ಅವಳು ನಿಂತಳು. ಯಾರೋ ಮನೆಯ ಹಳೆ ಸಾಮಾನು ಮಾರುತ್ತಿದ್ದ ಗ್ಯಾರೇಜ್ ಸೇಲ್ ಎದುರು ಇಳಿದು ಬೇಡದ ಹೂಜಿಯೊಂದನ್ನು ತಿರುಗಿಸಿ ನೋಡಿದಳು. ಅಳಿಲಿಗೂ ಗಂಟೆ ಹೊಡೆದಳು.

"ಕಾಫಿ ಹೊತ್ತು ಮೀರಿತು ಕಣೇ" ಎಂದೆ.

"ಹಿಂದೆ ಕೂತೋರು ಸುಮ್ನೆ ಕೂತಿರ್ಬೇಕು" ಎಂದವಳು, ಸ್ವಲ್ಪ ದೂರ ಹೋದ ಮೇಲೆ ತಿರುಗಿ ನೋಡದೆಯೇ, "ನನ್ ಟಿಕೆಟ್ಟೂ ತೆಗೀರಿ. ಆದ್ರೆ ಗಂಟೆ ನಂದೇ" ಎಂದಳು.

ನನ್ನ ಎದೆ ಹಗುರಾಯಿತು. ಬ್ರೇಕಿನ ಚಿಂತೆಯಿಲ್ಲ, ತಿರುವಿನ ಚಿಂತೆಯಿಲ್ಲ. ದಾರಿಯ ಬದಿಯಲ್ಲಿ ಹಳದಿ ಹೂವುಗಳಿದ್ದವು. ಇಷ್ಟು ವರ್ಷ ಇದೇ ದಾರಿಯಲ್ಲಿ ತಪ್ಪದೆ ನಡೆದರೂ ನಾನು ಅವನ್ನು ಕಂಡಿರಲಿಲ್ಲ. ಕಾಲು ತಾನಾಗಿ ತಿರುಗುತ್ತಿತ್ತು.

"ಯಾಕ್ರೀ, ಇದ್ದಕ್ಕಿದ್ದ ಹಾಗೆ ಭಾರ ಆಗ್ತಿದೆ?" ಎಂದು ಮುಂದಿನಿಂದ ದನಿ ಬಂತು.

ಮೇಘನಾ ಎಲ್ಲಿದ್ದಾಳೆಂದು ನೋಡಿದೆ. ಪುಣ್ಯಕ್ಕೆ, ನಮ್ಮನ್ನು ದಾಟಿ ಬಹಳ ಮುಂದೆ ಹೋಗಿಬಿಟ್ಟಿದ್ದಳು.

"ಎದುರುಗಾಳಿ ಇರ್ಬೇಕು" ಎಂದೆ. ಲ್ವಾರ್ ನದಿಯ ದಂಡೆಯಲ್ಲೂ ಗಾಳಿಗೇನೂ ಕೊರತೆಯಿಲ್ಲವಂತೆ.